ದೂರು: ಬೆಳಿಗ್ಗೆ ಆನ್ ಆಗದ ಸರ್ವರ್‌ಗಳು, ಮುಚ್ಚಿಹೋದ ಟಿಕೆಟ್

ಇವರಿಗೆ,
ಗ್ರಾಹಕ ಸೇವಾ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಸಪೋರ್ಟ್ ನಂಬರಿಗೆ ಫೋನ್ ಮಾಡಿ ಮಾಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ದೂರಿನ ಟಿಕೆಟನ್ನು ನಿನ್ನೆ "ಪರಿಹಾರವಾಗಿದೆ" ಎಂದು ಮುಚ್ಚಿದ್ದೀರಿ. ಏನು ಪರಿಹಾರ ಅಂತ ಬರೆದಿಲ್ಲ. ಕೆಲಸದ ಒತ್ತಡದಲ್ಲಿ ಮರೆತಿರಬೇಕು.

ನಮ್ಮದು ಪಾರ್ಸೆಲ್ ಸಾಗಣೆ ಸಂಸ್ಥೆ. ಲೆಕ್ಕಪತ್ರದ ಸರ್ವರ್‌ಗಳು ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲೇ ಇವೆ. ಬುಕಿಂಗ್, ಬಿಲ್ಲಿಂಗ್ ಎರಡೂ ಮುಂಬೈ ಕ್ಲೌಡ್‌ನಲ್ಲಿವೆ. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬಹುದು ಅಂತ ನಿಮ್ಮ ತಂತ್ರಾಂಶ ತಗೊಂಡೆವು. ರಾತ್ರಿ ಕೌಂಟರ್ ಮುಚ್ಚಿದ ಮೇಲೂ ಕ್ಲೌಡ್ ಮಷೀನ್ ಸುಮ್ನೆ ಓಡುತ್ತಿದ್ದರೆ ಬಿಲ್ ಏರುತ್ತದೆ. ಅದಕ್ಕೆ ರಾತ್ರಿ 10ಕ್ಕೆ ಆಫ್, ಬೆಳಿಗ್ಗೆ 6ಕ್ಕೆ ಆನ್ ಅಂತ ಶೆಡ್ಯೂಲ್ ಹಾಕಿದ್ದೆವು. ಈ ಉಪಾಯ ಹೇಳಿಕೊಟ್ಟವರು ನಿಮ್ಮ ಸೇಲ್ಸ್‌ನವರೇ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಬಂತು ನಿಮ್ಮ ಹೊಸ ಅಪ್‌ಗ್ರೇಡ್. ಅದಾದ ಮರುದಿನ ಬೆಳಿಗ್ಗೆ 7ಕ್ಕೆ ಕೌಂಟರ್ ತೆರೆದರೆ ಯಾವ ಮಷೀನೂ ಎದ್ದಿಲ್ಲ. ಲಾಗ್ ನೋಡಿದೆವು. ಬೆಳಗಿನ ಜಾವ 3:30ಕ್ಕೆ ಆಫ್ ಆಗಿವೆ, ಆನ್ ಆಗಬೇಕಾದ್ದು 11:30ಕ್ಕೆ. ಐದೂವರೆ ಗಂಟೆಯ ವ್ಯತ್ಯಾಸ. ಅಪ್‌ಗ್ರೇಡ್ ನಮ್ಮ ಭಾರತೀಯ ಸಮಯವನ್ನು ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಸಮಯ, ನಮ್ಮದಕ್ಕಿಂತ ಅಷ್ಟೇ ಹಿಂದೆ) ಅಂತ ಓದಿಕೊಂಡಿದೆ. ಇದನ್ನು ಕಂಡುಹಿಡಿಯೋಕೆ ದೊಡ್ಡ ವಿದ್ಯೆ ಏನೂ ಬೇಕಾಗಿರಲಿಲ್ಲ. ನಮ್ಮ ಬಿಲ್ಲಿಂಗ್ ಹುಡುಗನೇ ಬೆರಳು ಮಡಿಚಿ ಎಣಿಸಿ ಹೇಳಿದ.

ಕೈಯಾರೆ ಆನ್ ಮಾಡಿದೆವು. ನಿಮ್ಮ ತಂತ್ರಾಂಶ ಬಂದು ಮತ್ತೆ ಆಫ್ ಮಾಡಿತು. ಶೆಡ್ಯೂಲ್ ಪ್ರಕಾರ ಈ ಮಷೀನ್ ಆಫ್ ಇರಬೇಕು, ಯಾರೋ ಬದಲಾಯಿಸಿದ್ದಾರೆ, ಸರಿಪಡಿಸುತ್ತೇನೆ ಅಂತ ಅದರ ಲೆಕ್ಕ. ನಾವು ಆನ್ ಮಾಡೋದು, ಅದು ಆಫ್ ಮಾಡೋದು. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿವೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಪತ್ರ) ಇಲ್ಲದೆ ಹೊರಟರೆ ದಾರಿಯಲ್ಲಿ ಹಿಡಿಯುತ್ತಾರೆ. ಬಿಲ್ಲಿಂಗ್ ಮಷೀನ್ ಆಫ್ ಇದ್ದದ್ದರಿಂದ ನಮ್ಮ ಹುಡುಗರು ಆ ಬಿಲ್‌ಗಳನ್ನು ಸರ್ಕಾರಿ ಪೋರ್ಟಲ್‌ನಲ್ಲಿ ಒಂದೊಂದಾಗಿ ಕೈಯಲ್ಲೇ ಟೈಪ್ ಮಾಡಿದರು. ಕೊನೆಗೆ ನಾನು ಕ್ಲೌಡ್ ಖಾತೆಯಲ್ಲಿ ನಿಮ್ಮ ತಂತ್ರಾಂಶಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಕಿತ್ತುಹಾಕಿದೆ. ಆಗ ಮಷೀನ್‌ಗಳು ಎದ್ದು ನಿಂತವು.

ಟಿಕೆಟನ್ನು ಪಿ1 ಅಂತ ಹಾಕಿದ್ದೆ. ವ್ಯವಹಾರ ಪೂರ್ತಿ ನಿಂತರೆ ಪಿ1, ಹಗಲು ರಾತ್ರಿ ನೋಡದೆ ಒಂದು ಗಂಟೆಯೊಳಗೆ ಉತ್ತರ. ಒಪ್ಪಂದದ ಅನುಬಂಧ ಬರೆದವರು ನೀವೇ, ಓದಿ ಹೇಳೋ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ. ಅದನ್ನು ಕಡಿಮೆ ತುರ್ತಿನ ಪಿ3ಗೆ ಇಳಿಸಿದಿರಿ. ಕಾರಣ? "ರಾತ್ರಿ ಆಫ್ ಆಗುವ ಸರ್ವರ್ ಪ್ರೊಡಕ್ಷನ್ ಸರ್ವರ್ ಅಲ್ಲ." ಅಂದರೆ ನಿಜವಾದ ವ್ಯವಹಾರ ನಡೆಸುವ ಸರ್ವರ್ ಅಲ್ಲವಂತೆ. ಹಾಗಿದ್ದರೆ ರಾತ್ರಿ ಬಾಗಿಲು ಹಾಕುವ ಬ್ಯಾಂಕು ಬ್ಯಾಂಕೇ ಅಲ್ಲ.

ಇನ್ನು ಆ ವಿಡಿಯೋ ಕಾಲ್. ಇದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಟಿಕೆಟ್‌ನಲ್ಲಿ ಇದು "ಗ್ರಾಹಕರಿಗೆ ಮಾರ್ಗದರ್ಶನ ನೀಡಲಾಯಿತು" ಎಂಬ ಒಂದೇ ಸಾಲಾಗಿದೆ. ನನ್ನ ಪಕ್ಕದಲ್ಲಿ ಮಾಲೀಕರು ಕೂತಿದ್ದರು. ಬ್ರಾಂಚ್ ಮ್ಯಾನೇಜರ್‌ಗಳೂ ಕಾಲ್‌ನಲ್ಲಿದ್ದರು. ನಿಮ್ಮ ಎಂಜಿನಿಯರ್ ನನ್ನ ಸ್ಕ್ರೀನ್ ಶೇರ್ ಮಾಡಿಸಿ, ಟೈಮ್ ಝೋನ್ ಸೆಟ್ಟಿಂಗ್ ತೆರೆಸಿ ಕೇಳಿದರು.

"ಸಾರ್, ನೀವು ಯಾವ ಊರಿನವರು?"

"ಹುಬ್ಬಳ್ಳಿ."

"ಇಲ್ಲಿ ಏಷ್ಯಾ/ಕೋಲ್ಕತ್ತಾ ಅಂತ ಇದೆಯಲ್ಲ ಸಾರ್?"

"ಹೌದು. ಇಡೀ ಭಾರತಕ್ಕೆ ಅದೊಂದೇ ಹೆಸರು ಇರೋದು."

"ಸರ್ವರ್ ಎಲ್ಲಿದೆ?"

"ಮುಂಬೈ."

ಸ್ವಲ್ಪ ಹೊತ್ತು ಸುಮ್ಮನಾದರು. ಕೀಬೋರ್ಡ್ ಸದ್ದು ಕೇಳಿಸಿತು. "ಅದೇ ಪ್ರಾಬ್ಲಮ್ ಸಾರ್. ಆಫೀಸ್ ಹುಬ್ಬಳ್ಳಿ, ಸರ್ವರ್ ಮುಂಬೈ, ಟೈಮ್ ಕೋಲ್ಕತ್ತಾ. ಮೂರೂ ಬೇರೆ ಬೇರೆ. ಇದು ಗ್ರಾಹಕರ ಕಾನ್ಫಿಗರೇಷನ್ ತಪ್ಪು."

ಮೂರೂ ಊರಲ್ಲಿ ಗಡಿಯಾರ ಒಂದೇ ಸಮಯ ತೋರಿಸುತ್ತದೆ ಅಂದೆ. "ನಿಮ್ಮ ಟೀಮ್‌ನಲ್ಲಿ ಟೆಕ್ನಿಕಲ್ ಆಗಿ ಮಾತಾಡೋರು ಯಾರಾದರೂ ಇದ್ದಾರಾ ಸಾರ್?" ಅಂತ ಕೇಳಿದರು. ಈ ಕೆಲಸದಲ್ಲೇ ನನ್ನ ತಲೆಕೂದಲು ಬೆಳ್ಳಗಾಗಿದೆ. ಮಾಲೀಕರು ನನ್ನ ಕಡೆ ತಿರುಗಿ, "ಏನ್ರೀ, ನಮ್ಮ ಗೋದಾಮು ಯಾವಾಗ ಕೋಲ್ಕತ್ತಾಕ್ಕ ಹೋತು?" ಅಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ನಿಮ್ಮ ಎಂಜಿನಿಯರ್‌ಗೆ ತಿಳಿಸಿ: ಕೋಲ್ಕತ್ತಾಗೆ ಬೇರೆ ಸಮಯ ಇದ್ದದ್ದು ನಿಜ, ಆದರೆ ಅದು 1948ರವರೆಗೆ. ಆ ಕಾಲದ ಅಪ್‌ಗ್ರೇಡ್ ಈಗ ನಮಗೆ ಬಂದಿದ್ದರೆ ಗೊತ್ತಿಲ್ಲ.

ಅದಾದ ಮೇಲೆ ಬಂದ ಮೇಲ್ ಇನ್ನೂ ಚೆಂದ. ನಾವು ಅನುಮತಿ ಕಿತ್ತಿದ್ದರಿಂದ ನಮ್ಮ ಸೆಟಪ್ "ಬೆಂಬಲಕ್ಕೆ ಅರ್ಹವಲ್ಲದ ಸ್ಥಿತಿ"ಯಲ್ಲಿದೆಯಂತೆ. ಅಂದರೆ ಮಷೀನ್ ಆಫ್ ಇದ್ದಾಗ ಎಲ್ಲ ಸರಿ ಇತ್ತು, ನಾವು ಆನ್ ಮಾಡಿಕೊಂಡದ್ದೇ ತಪ್ಪು. ಈ ನಡುವೆ ನವೀಕರಣದ ಮೀಟಿಂಗ್‌ಗೆ ನಿಮ್ಮ ಸೇಲ್ಸ್‌ನಿಂದ ಇನ್ವೈಟ್ ಬಂದಿದೆ. ಬೆಳಿಗ್ಗೆ 11 ಗಂಟೆ, ಭಾರತೀಯ ಸಮಯ. ಅದರಲ್ಲಿ ಮಾತ್ರ ಒಂದು ನಿಮಿಷವೂ ಆಚೀಚೆ ಇಲ್ಲ.

ನಮಗೆ ಬೇಕಾದ್ದು ಇಷ್ಟೇ. ಟಿಕೆಟ್ ಮತ್ತೆ ತೆರೆದು ಪಿ1 ಮಾಡಿ. ಅಪ್‌ಗ್ರೇಡ್‌ನಲ್ಲಿ ಏನು ತಪ್ಪಾಯಿತು ಅಂತ ಲಿಖಿತವಾಗಿ ಕೊಡಿ. ಒಪ್ಪಂದದಲ್ಲಿರುವ ಸರ್ವಿಸ್ ಕ್ರೆಡಿಟ್ (ಸೇವೆ ಕೆಟ್ಟರೆ ಕೊಡುವ ರಿಯಾಯಿತಿ) ಮುಂದಿನ ಬಿಲ್‌ನಲ್ಲಿ ಕಳೆಯಿರಿ. ನಾವು ಬರೆದ ಶೆಡ್ಯೂಲ್, ಪಾಲಿಸಿಗಳನ್ನೆಲ್ಲ ಬೇರೆ ಟೂಲ್ ಓದಬಲ್ಲ ಫೈಲ್‌ಗಳಾಗಿ ಹೊರಗೆ ತೆಗೆದುಕೊಡಿ.

ಕೊನೆಯದನ್ನು ಯಾಕೆ ಕೇಳುತ್ತಿದ್ದೇನೆ ಅಂತ ನಿಮಗೆ ಅರ್ಥವಾಗುತ್ತದೆ. ಸರ್ವರ್‌ಗಳನ್ನು ನೋಡಿಕೊಳ್ಳೋಕೆ ಆನ್ಸಿಬಲ್ ಅನ್ನೋ ಟೂಲ್ ಇದೆ. 2023ರಲ್ಲಿ ಟೆರಾಫಾರ್ಮ್ ಅನ್ನೋ ಟೂಲ್‌ನ ಲೈಸೆನ್ಸ್ ಬದಲಾದಾಗ ಅದರಿಂದ ಕವಲೊಡೆದ ಓಪನ್‌ಟೋಫು ಕೂಡ ಇದೆ. ಎರಡೂ ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ಮುಕ್ತ. ಆಫ್ ಇರುವ ಮಷೀನನ್ನೂ ಎಣಿಸಿ ದುಡ್ಡು ಕೇಳೋದಿಲ್ಲ. ನಮ್ಮ ಹುಡುಗರು ಈಗಾಗಲೇ ಶುರು ಮಾಡಿದ್ದಾರೆ.

ವ್ಯಾಪಾರಕ್ಕೆ ತಗೊಂಡ ಸೇವೆ ಅಂತ ಗ್ರಾಹಕರ ವೇದಿಕೆಗೆ ಹೋಗೋಕಾಗಲ್ಲ, ಗೊತ್ತು. ನಿಮ್ಮ ವಕೀಲರು ಅದನ್ನೇ ಹೇಳಿ ಸಮಾಧಾನ ಮಾಡಿರಬಹುದು. ಆದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇರೋದೇ ಇಂಥದ್ದಕ್ಕೆ, ಮತ್ತು ನಮ್ಮ ನಷ್ಟ ಅದರ 3 ಲಕ್ಷದ ಕನಿಷ್ಠ ಮಿತಿಯನ್ನು ಎಂದೋ ದಾಟಿದೆ. ಕಲಂ 12ಎ ಪ್ರಕಾರ ದಾವೆಗೆ ಮೊದಲು ಮಧ್ಯಸ್ಥಿಕೆ ಆಗಬೇಕು. ಆ ಅರ್ಜಿ ಸಿದ್ಧವಾಗುತ್ತಿದೆ. ಕಾಲ್ ರೆಕಾರ್ಡಿಂಗ್ ಅದರ ಜೊತೆ ಹೋಗುತ್ತದೆ. ಮುಂದಿನ ಸೋಮವಾರ ಸಂಜೆಯೊಳಗೆ ಲಿಖಿತ ಉತ್ತರ ಬರದಿದ್ದರೆ ನವೀಕರಣವೂ ಇಲ್ಲ, ಉಳಿದ ಕಂತೂ ಇಲ್ಲ. ಆಮೇಲೆ ನೀವು ಮಾತಾಡಬೇಕಾದ್ದು ನಮ್ಮ ವಕೀಲರ ಹತ್ತಿರ.

ಇತಿ,
ಸಿಸ್ಟಮ್ಸ್ ಮ್ಯಾನೇಜರ್
ಹುಬ್ಬಳ್ಳಿ