ಬೆಲೆ ಕಟ್ಟು ಎಂದವರಿಗೆ

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನನ್ನ ಆಟ ಬಿಡುಗಡೆಯಾಗಿ ಇಂದಿಗೆ ಒಂದು ವರ್ಷ. ಗುಹೆಯ ಕತ್ತಲಲ್ಲಿ ಒಂದೇ ದೀಪ ಹಿಡಿದು ದಾರಿ ಹುಡುಕುವ ಪುಟ್ಟ ಒಗಟಿನ ಆಟ ಅದು. ಮಾಡಲು ಐದು ವರ್ಷ ಹಿಡಿಯಿತು. ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಜಾಗ ಸಿಗದವರಿಗೆ ಇಲ್ಲಿ ವಂದನೆ ಹೇಳಬೇಕಿದೆ.

ಮೊದಲು ಅಕ್ಕನಿಗೆ. ಆಟವನ್ನು ಉಚಿತವಾಗಿ ಕೊಟ್ಟುಬಿಡುತ್ತೇನೆ ಎಂದು ನಾನು ಪಟ್ಟು ಹಿಡಿದಿದ್ದೆ. ಒಲವಿನಿಂದ ಮಾಡಿದ್ದಕ್ಕೆ ಬೆಲೆ ಹಚ್ಚಿದರೆ ಅದರ ಜೀವ ಹೋಗುತ್ತದೆ ಎಂದೇ ನಂಬಿದ್ದೆ. ಜಪಾನಿನ ಡೈಸುಕೆ ಅಮಾಯ ಐದು ವರ್ಷ ಒಬ್ಬರೇ ದುಡಿದು ಮಾಡಿದ 'ಕೇವ್ ಸ್ಟೋರಿ' ಆಟವನ್ನು 2004ರಲ್ಲಿ ಉಚಿತವಾಗಿಯೇ ಹಂಚಲಿಲ್ಲವೇ ಎಂದು ವಾದಿಸಿದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ನಿನ್ನ ಉಳಿತಾಯ ಇನ್ನೆಷ್ಟು ತಿಂಗಳಿಗೆ ಸಾಕಾಗುತ್ತದೆ?" ಎಂದಳು. ಎರಡು ತಿಂಗಳಿಗೆ. ಕೆಲಸ ಬಿಟ್ಟು ಆಗಲೇ ಎರಡು ವರ್ಷ ಕಳೆದಿತ್ತು.

ಆ ರಾತ್ರಿ ನೆನಪಾದವರು ಟಾರ್ನ್ ಮತ್ತು ಝಾಕ್ ಆಡಮ್ಸ್ ಸಹೋದರರು. 'ಡ್ವಾರ್ಫ್ ಫೋರ್ಟ್ರೆಸ್' ಆಟವನ್ನು 2006ರಿಂದ ಉಚಿತವಾಗಿ ಕೊಡುತ್ತಾ, ಆಟಗಾರರ ದೇಣಿಗೆಯಲ್ಲೇ ಬದುಕಿದವರು. ಝಾಕ್‌ಗೆ ಕ್ಯಾನ್ಸರ್ ಬಂದಾಗ, ಆಸ್ಪತ್ರೆಯ ಖರ್ಚು ಒಂದು ಸಂಸಾರವನ್ನು ಹೇಗೆ ಮುಳುಗಿಸಬಲ್ಲದು ಎಂಬುದು ಅವರಿಗೆ ಮನದಟ್ಟಾಯಿತು. ಹಾಗಾಗಿ ಬೆಲೆ ಇರುವ ಆವೃತ್ತಿಯೊಂದನ್ನು ತರಲು ಮನಸ್ಸು ಮಾಡಿದರು. 2022ರ ಡಿಸೆಂಬರ್‌ನಲ್ಲಿ ಅದು ಬಂತು. ಹಳೆಯ ಉಚಿತ ಆವೃತ್ತಿಯನ್ನು ಹಾಗೆಯೇ ಉಳಿಸಿದರು. ಅವರ ಒಲವಿನ ಬಗ್ಗೆ ಯಾರು ಅನುಮಾನ ಪಡಬಲ್ಲರು? ಬೆಳಗ್ಗೆ ಎದ್ದು ನಾನೂ ಬೆಲೆ ಕಟ್ಟಿದೆ.

ಸಂಗೀತ ಮಾಡಿಕೊಟ್ಟ ಗೆಳೆಯನಿಗೆ ನಾನು ಬೇರೆಯೇ ಬಗೆಯಲ್ಲಿ ಋಣಿ. ಬೆಲೆ ಕಟ್ಟುತ್ತೇನೆ ಎಂದೊಡನೆ ಸಲಹೆಗಳು ಬಂದವು. ದೀಪ ಆರಿದಾಗಲೆಲ್ಲ ಒಂದು ಜಾಹೀರಾತು ತೋರಿಸು, ಜಾಹೀರಾತು ನೋಡಿದವರಿಗೆ ಎಣ್ಣೆ ಕೊಡು, ದಿನವೂ ಮರಳಿ ಬರುವವರಿಗೆ ಬಹುಮಾನ ಕೊಡು. ಬ್ಯಾಂಕ್ ಖಾತೆ ಬರಿದಾಗುತ್ತಿದ್ದ ನಾನು ಒಪ್ಪುವ ಅಂಚಿನಲ್ಲಿದ್ದೆ. ಗೆಳೆಯ ಒಂದೇ ಮಾತು ಹೇಳಿದ: "ದೀಪ ಆರಿದ ಮೇಲಿನ ಮೂರು ಸೆಕೆಂಡುಗಳಿಗೆ ನಾನು ಸಂಗೀತ ಹಾಕಿಲ್ಲ. ಅಲ್ಲಿ ಏನೂ ಕೇಳಿಸಬಾರದು." ಇಡೀ ಆಟ ನಿಂತಿರುವುದೇ ಆ ಮೌನದ ಮೇಲೆ. ಅದನ್ನು ಮಾರಿದ್ದರೆ ಮಾರಲು ನನ್ನ ಬಳಿ ಬೇರೇನೂ ಉಳಿಯುತ್ತಿರಲಿಲ್ಲ.

ಇನ್ನು ಹಣ ಕೊಟ್ಟು ಕೊಂಡ ನಿಮಗೆ. ಗುಹೆಗಳನ್ನು ಕಟ್ಟುವಾಗ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆದರೆ ಅಕ್ಷರಗಳ ಗಾತ್ರ ಬದಲಿಸುವ ಸೌಲಭ್ಯ, ಕಂಟ್ರೋಲರ್ ಹೊಂದಾಣಿಕೆ, ಹಳೆಯ ಕಂಪ್ಯೂಟರುಗಳಲ್ಲಿ ಪರೀಕ್ಷೆ, ಇವನ್ನೆಲ್ಲ ಮಾಡಲು ಬರೀ ಒಲವು ನನ್ನನ್ನು ಕುರ್ಚಿಯಲ್ಲಿ ಕೂರಿಸಲಿಲ್ಲ. ನೀವು ಹಣ ಕೊಟ್ಟಿದ್ದೀರಿ ಎಂಬ ಅರಿವು ಕೂರಿಸಿತು. ಕೆಂಪು ಮತ್ತು ಹಸಿರು ಬಾಗಿಲುಗಳ ವ್ಯತ್ಯಾಸ ತನಗೆ ಕಾಣುವುದೇ ಇಲ್ಲ ಎಂದು ಒಬ್ಬರು ಬರೆದರು. ಐದು ವರ್ಷದಲ್ಲಿ ನನಗೆ ಹೊಳೆಯದೇ ಹೋದ ವಿಷಯ. ಈಗ ಕೆಂಪು ಬಾಗಿಲಿನ ಮೇಲೆ ತ್ರಿಕೋನವಿದೆ, ಹಸಿರಿನ ಮೇಲೆ ವೃತ್ತವಿದೆ. ಸ್ಟೀಮ್ ತನ್ನ ಶೇ 30 ಪಾಲು ಮುರಿದುಕೊಂಡ ಮೇಲೆ ನನಗೆ ಉಳಿದ ಮೊತ್ತ ದೊಡ್ಡದೇನಲ್ಲ, ಆದರೆ ಒಂದು ವರ್ಷ ಮನೆ ಬಾಡಿಗೆ ಕಟ್ಟಿದೆ, ಅಕ್ಕನ ಸಾಲ ತೀರಿಸಿದೆ.

ಕೊನೆಗೆ, ಹಣ ವಾಪಸ್ ಪಡೆದ ಒಬ್ಬರಿಗೆ. ಸ್ಟೀಮ್ ನಿಯಮದಂತೆ, ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಕಾರಣವನ್ನು ನನಗೆ ವಿವರಿಸುವ ಅಗತ್ಯ ನಿಮಗಿರಲಿಲ್ಲ. ಆದರೂ ಮೂರನೆಯ ಗುಹೆ ದಾಟಿದ ಮೇಲೆ ಆಟ ಉಳಿಸಿಟ್ಟರೆ ಮತ್ತೆ ತೆರೆಯುವುದಿಲ್ಲ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದು ತಿಳಿಸಿದಿರಿ. ಆ ದೋಷ ಸಿಕ್ಕಿದ್ದು ನಿಮ್ಮಿಂದಲೇ. ಅದನ್ನು ಸರಿಪಡಿಸಿದ್ದೇನೆ. ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ, ನಿಮಗಾಗಿ ಒಂದು ಪ್ರತಿ ತೆಗೆದಿಟ್ಟಿದ್ದೇನೆ.