ಇಸ್ತಾಂಬುಲ್‌ನ ಬೆಕ್ಕು ಪರಚಿದರೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ಇಸ್ತಾಂಬುಲ್‌ನ ಬೀದಿ ಬೆಕ್ಕುಗಳು ಜನರನ್ನು ಕಂಡು ಓಡುವುದಿಲ್ಲ. ಕದಿಕೊಯ್‌ನ ಬೆಂಚುಗಳ ಮೇಲೆ, ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ, ಮಸೀದಿಯ ಅಂಗಳದಲ್ಲಿ ಹಾಯಾಗಿ ಮಲಗಿರುತ್ತವೆ. ನೀವು ಕೂತರೆ ತೊಡೆ ಏರುತ್ತವೆ. ಊಟ, ನೀರು ಬೀದಿಯವರದು, ಚಿಕಿತ್ಸೆಗೆ ನಗರಪಾಲಿಕೆಯ ಸಂಚಾರಿ ಪಶುವೈದ್ಯ ಬಸ್ಸೂ ಇದೆ. ಇಂಥ ಬೆಕ್ಕನ್ನು ಮುಟ್ಟಬೇಡಿ ಎಂದರೆ ಯಾವ ಪ್ರವಾಸಿಯೂ ಕೇಳುವುದಿಲ್ಲ. ಆದರೆ ಟರ್ಕಿಯಲ್ಲಿ ಪ್ರಾಣಿಗಳ ರೇಬೀಸ್ ಇನ್ನೂ ಇದೆ. ನಮ್ಮವರಿಗೋ ರೇಬೀಸ್ ಎಂದರೆ ಹುಚ್ಚುನಾಯಿ ಮಾತ್ರ.

ಆದ್ದರಿಂದ ನಮ್ಮ ಕೋರಿಕೆ ಎರಡು: ವಿದೇಶಕ್ಕೆ ಹೊರಡುವವರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ, ನಮ್ಮ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ.

ಸೂಚನೆಯಲ್ಲಿ ಮೊದಲು ಬರಬೇಕಾದದ್ದು ಬೆಕ್ಕಿನ ಸ್ವಭಾವ. ಹೊಟ್ಟೆ ತೋರಿಸಿ ಹೊರಳಿತೆಂದರೆ ಸವರು ಎಂದಲ್ಲ. ಅಲ್ಲಿ ಕೈಯಿಟ್ಟವರಿಗೇ ಪರಚು ಬೀಳುವುದು ಹೆಚ್ಚು. ಬೆರಳು ಮೂಸಲು ಬಿಟ್ಟು, ಗಲ್ಲ, ಕೆನ್ನೆ ಸವರಿ, ಕೆಲವೇ ಸೆಕೆಂಡಿಗೆ ಕೈ ತೆಗೆಯಬೇಕು. ಬಾಲ ಪಟಪಟ ಬಡಿದರೆ, ಕಿವಿ ಹಿಂದಕ್ಕೆ ಮಡಚಿದರೆ, ಬೆನ್ನಿನ ಚರ್ಮ ಅಲೆಯಂತೆ ನಡುಗಿದರೆ ಸಾಕು ಎಂದರ್ಥ. ತಿನಿಸು ನೆಲಕ್ಕೆ ಹಾಕಿ, ಕೈಯಿಂದ ಬೇಡ. ಸೆಲ್ಫಿಗೆಂದು ಎತ್ತಲೇಬೇಡಿ. ಕಿವಿತುದಿ ಕತ್ತರಿಸಿದ ಬೆಕ್ಕು ಸುರಕ್ಷಿತ ಎಂಬ ನಂಬಿಕೆಯೂ ಉಂಟು. ಆ ಗುರುತು ಹೇಳುವುದು ಸಂತಾನಹರಣ ಆಗಿದೆ ಎಂದಷ್ಟೆ. ರೇಬೀಸ್ ಲಸಿಕೆಯ ಅವಧಿ ಯಾವಾಗಲೋ ಮುಗಿದಿರಬಹುದು.

ಬೆಕ್ಕಿನ ಕೋರೆಹಲ್ಲು ಸೂಜಿಯಂಥದು. ಹೊರಗೆ ಕಾಣುವುದು ಒಂದು ಚುಕ್ಕೆ, ಒಳಗೆ ಕೀಲಿನವರೆಗೂ ಇಳಿದಿರಬಹುದು. ಚುಕ್ಕೆ ಬೇಗ ಮುಚ್ಚಿಕೊಂಡು ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಒಳಗೇ ಉಳಿದರೆ ಒಂದು ದಿನದೊಳಗೆ ಕೈ ಊದಿಕೊಳ್ಳುತ್ತದೆ. ಕೂಡಲೇ ಹರಿಯುವ ನೀರು, ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಹೋಟೆಲಿನ ಸಿಂಕು ಸಾಕು, ಹದಿನೈದು ನಿಮಿಷ ಮಾತ್ರ ಗಡಿಯಾರ ನೋಡಿಯೇ ಆಗಲಿ. ಆಮೇಲೆ ಸೋಂಕುನಿವಾರಕ ಪೊವಿಡೋನ್ ಅಯೋಡಿನ್. ಅರಿಶಿನ, ಸುಣ್ಣ, ಕಾಫಿಪುಡಿ ಬೇಡ. ಗಾಯವನ್ನು ಬಿಗಿಯಾಗಿ ಕಟ್ಟುವುದೂ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ರಕ್ತ ಬಾರದ ಸಣ್ಣ ಪರಚು ಎರಡನೇ ವರ್ಗ: ಲಸಿಕೆ ಸಾಕು. ಚರ್ಮ ಸೀಳಿದ ಕಡಿತ ಅಥವಾ ಪರಚು ಮೂರನೇ ವರ್ಗ: ಲಸಿಕೆಯ ಜೊತೆ ಇಮ್ಯುನೊಗ್ಲಾಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ. ಲಸಿಕೆ ಶುರು ಮಾಡಿ, ಬೆಕ್ಕನ್ನು ಹತ್ತು ದಿನ ಗಮನಿಸಿ, ಅದು ಆರೋಗ್ಯವಾಗಿಯೇ ಇದ್ದರೆ ನಿಲ್ಲಿಸುವ ದಾರಿ ಮನೆಯಲ್ಲಿದ್ದವರಿಗೆ ಸರಿ. ಮರುದಿನ ಕಪಡೋಕಿಯದ ಬಸ್ ಹತ್ತುವವರು ಯಾವ ಬೆಕ್ಕನ್ನು ಗಮನಿಸುತ್ತಾರೆ? ಅವರು ಅಲ್ಲೇ ಮೊದಲ ಡೋಸ್ ಹಾಕಿಸಿಕೊಳ್ಳಬೇಕು. ಟರ್ಕಿಯಲ್ಲಿ ತುರ್ತು ಸಂಖ್ಯೆ 112. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಹೆದರಿಕೆಯಿಂದ ಊರಿಗೆ ಬರುವವರೆಗೆ ಮುಚ್ಚಿಡುವವರು ಇನ್ನೂ ಇದ್ದಾರೆ. ಈಗಿನ ಲಸಿಕೆ ತೋಳಿಗೆ.

ತೊಡಕು ಶುರುವಾಗುವುದು ಊರಿಗೆ ಮರಳಿದ ಮೇಲೆ. ಟರ್ಕಿಯಲ್ಲಿ ಸ್ನಾಯುವಿಗೆ ಕೊಟ್ಟಿರುತ್ತಾರೆ: 0, 3, 7ನೇ ದಿನ, ನಾಲ್ಕನೆಯದು 14ರಿಂದ 28ನೇ ದಿನದೊಳಗೆ ಎಂಬ ಲೆಕ್ಕ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ: 0, 3, 7, 28. ಬ್ರ್ಯಾಂಡೂ ಬೇರೆ. ಮಧ್ಯೆ ವಿಧಾನ ಬದಲಿಸುವುದು ಒಳ್ಳೆಯದಲ್ಲ, ಆದರೆ ಅನಿವಾರ್ಯವಾದರೆ ಸರಣಿ ಮುಂದುವರಿಸಬಹುದು. ಮೊದಲಿಂದ ಶುರು ಮಾಡಬೇಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುತ್ತೋಲೆಯಲ್ಲಿ ಈ ಸಾಲು ದಪ್ಪಕ್ಷರದಲ್ಲಿರಲಿ. ಅಲ್ಲಿ ಇಮ್ಯುನೊಗ್ಲಾಬುಲಿನ್ ಸಿಗದೆ ಬಂದವರಿಗೆ ಮೊದಲ ಡೋಸ್‌ನಿಂದ ಏಳನೇ ದಿನದವರೆಗೆ ಮಾತ್ರ ಅವಕಾಶ. ಮಾನವಮೂಲದ್ದು ಕೆ.ಜಿ.ಗೆ 20 ಯೂನಿಟ್, ಕುದುರೆಯದು 40: ಅರವತ್ತು ಕೆ.ಜಿ. ತೂಕದವರಿಗೆ ಗರಿಷ್ಠ 1200 ಅಥವಾ 2400 ಯೂನಿಟ್. ಅದು ಹೋಗಬೇಕಾದದ್ದು ಗಾಯದ ಒಳಗೆ, ಸುತ್ತ, ಪೃಷ್ಠಕ್ಕಲ್ಲ. ಪ್ರವಾಸಿಗರು ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಕೊಟ್ಟ ವಿಧಾನ ಇರುವ ಚೀಟಿಯ ಫೋಟೊ ತರಬೇಕು.

ಎಲ್ಲ ದೇಶಕ್ಕೂ ಒಂದೇ ಮಾತು ಸಲ್ಲದು. ಬೆಕ್ಕುಗಳ ದ್ವೀಪ ತಾಶಿರೊಜಿಮಾ ಇರುವ ಜಪಾನ್‌ನಲ್ಲಿ 1957ರ ನಂತರ ಸ್ಥಳೀಯ ರೇಬೀಸ್ ಇಲ್ಲ. ಅಲ್ಲಿ ಕಡಿದರೆ ಚಿಂತೆ ಗಾಯದ ಸೋಂಕಿನದು, ಧನುರ್ವಾಯುವಿನದು (ಟಿಟಿ ಚುಚ್ಚುಮದ್ದು). ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ದೇಶವಾರು ಪಟ್ಟಿ ಸೂಚನೆಯ ಹಿಂಬದಿಯಲ್ಲಿರಲಿ.

ಬೇಸಿಗೆ ರಜೆಯ ಟೂರ್ ಬುಕಿಂಗ್‌ಗೆ ಮೊದಲೇ ಈ ಪುಟ ಟ್ರಾವೆಲ್ ಏಜೆನ್ಸಿಗಳ ಕೈ ಸೇರಲಿ, 104 ಆರೋಗ್ಯವಾಣಿಯ ಸಿಬ್ಬಂದಿಗೂ ಒಂದೊಂದು ಪ್ರತಿ ಸಿಗಲಿ. ಕರಡು ಬೇಕಿದ್ದರೆ ಬರೆದುಕೊಡಲು ಸಿದ್ಧರಿದ್ದೇವೆ.

ಇಂತಿ,
ಪ್ರವಾಸಿಗರ ಆರೋಗ್ಯ ಮತ್ತು ಪಶುವೈದ್ಯಕೀಯದಲ್ಲಿ ಕೆಲಸ ಮಾಡುವವರು