ಇ-ಪುಸ್ತಕ: ತೋರಿಕೆ ತಿದ್ದಿಕೊಳ್ಳಿ, ಅಕ್ಷರದ ವಿಷಯದಲ್ಲಿ ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಹಣ ಕೊಟ್ಟು ಕೊಂಡ ಇ-ಪುಸ್ತಕದಲ್ಲಿ ಸಾಲುಗಳು ಒಂದರ ಮೇಲೊಂದು ಏರಿ ಕುಳಿತಿದ್ದರೆ, ಪರಿವಿಡಿಯನ್ನು ಒತ್ತಿದರೂ ಅಧ್ಯಾಯ ತೆರೆಯದಿದ್ದರೆ, ಓದುಗನೇ ಅದನ್ನು ಸರಿಪಡಿಸಿಕೊಳ್ಳಬೇಕೇ ಅಥವಾ ಪ್ರಕಾಶಕರ ದಾರಿ ಕಾಯಬೇಕೇ ಎಂಬ ಚರ್ಚೆ ನಮ್ಮಂಥ ಓದುಗರ ನಡುವೆ ಆಗಾಗ ಏಳುತ್ತದೆ. ಪುಸ್ತಕದ ತೋರಿಕೆಯನ್ನು ಓದುಗ ನಿಸ್ಸಂಕೋಚವಾಗಿ ತಿದ್ದಿಕೊಳ್ಳಲಿ, ಆದರೆ ಅಕ್ಷರಕ್ಕೆ ಕೈ ಹಚ್ಚುವ ಮುನ್ನ ಮುದ್ರಿತ ಪ್ರತಿ ಎದುರಿಗಿರಲಿ ಎಂಬುದು ನನ್ನ ಅಭಿಪ್ರಾಯ.

ಇ-ಪುಸ್ತಕದ ಒಂದು ಬಗೆಯಾದ ಇಪಬ್ ಕಡತವೆಂದರೆ ಹಲವು ಕಡತಗಳನ್ನು ಒಟ್ಟುಕಟ್ಟಿದ ಒಂದು ಜಿಪ್ ಗಂಟು. ಅದರೊಳಗೆ ಅಧ್ಯಾಯಗಳ ಪಠ್ಯ ಒಂದೆಡೆ ಇದ್ದರೆ, ಆ ಪಠ್ಯ ಪರದೆಯ ಮೇಲೆ ಹೇಗೆ ಕಾಣಬೇಕೆಂಬ ಸೂಚನೆ ಸಿಎಸ್‌ಎಸ್ ಕಡತದಲ್ಲಿ ಬೇರೆಯಾಗಿರುತ್ತದೆ. ಉಚಿತವಾಗಿ ಸಿಗುವ ಕ್ಯಾಲಿಬರ್ ಅಥವಾ ಸಿಜಿಲ್ ತಂತ್ರಾಂಶದಲ್ಲಿ ತೆರೆದರೆ ಎರಡೂ ಕಣ್ಣಿಗೆ ಬೀಳುತ್ತವೆ. ಇಂಗ್ಲಿಷ್ ಪುಸ್ತಕಕ್ಕೆ ಒಗ್ಗಿದ ಸಾಲಿನಂತರವನ್ನೇ ಕನ್ನಡಕ್ಕೂ ಉಳಿಸಿದಾಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಎರಡೂ ಅಂಚುಗಳನ್ನು ಸಮ ಮಾಡುವ ಹಟದಲ್ಲಿ ನಮ್ಮ ಉದ್ದುದ್ದ ಪದಗಳ ನಡುವೆ, ಅದರಲ್ಲೂ ಮೊಬೈಲ್ ಪರದೆಯಲ್ಲಿ, ದೊಡ್ಡ ಹೊಂಡಗಳು ಬೀಳುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟಿನಿಂದ 1.6 ಪಟ್ಟಿಗೆ ಏರಿಸಿ, ಪಠ್ಯವನ್ನು ಎಡ ಅಂಚಿಗಷ್ಟೇ ಹೊಂದಿಸಿದರೆ ಓದು ಹಗುರವಾಗುತ್ತದೆ. ಲೇಖಕರ ಒಂದಕ್ಷರವೂ ಇದರಿಂದ ಕದಲುವುದಿಲ್ಲ. ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡರಾಯಿತು.

ಪದ್ಯದ ವಿಷಯ ಇಷ್ಟು ಸರಳವಲ್ಲ. ನಾನು ಕೊಂಡ ಒಂದು ವಚನ ಸಂಕಲನದಲ್ಲಿ ಸಾಲುಗಳೆಲ್ಲ ಕೂಡಿಕೊಂಡು ಗದ್ಯದ ಪರಿಚ್ಛೇದವಾಗಿ, ಅಂಕಿತದ ಬೆನ್ನಿಗೇ ಮುಂದಿನ ವಚನದ ಮೊದಲ ಪದ ಅಂಟಿಕೊಂಡಿತ್ತು. ಅಂಕಿತವಾದ ಮೇಲೆ ಸಾಲು ಮುರಿಯುವುದು ಯಾರಿಗೂ ತಿಳಿಯುವ ಮಾತು. ಆದರೆ ವಚನದೊಳಗೆ ಎಲ್ಲಿ ಮುರಿಯಬೇಕೆಂಬುದು ಸಂಪಾದಕರ ನಿರ್ಧಾರವೇ ಹೊರತು ಬರಿಯ ಅಲಂಕಾರವಲ್ಲ. ವಚನಗಳ ತಾಳೆಗರಿಯ ಕಟ್ಟುಗಳಿಗಾಗಿ ಊರೂರು ಅಲೆದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದ ಫ. ಗು. ಹಳಕಟ್ಟಿಯವರ ಊರಾದ ವಿಜಯಪುರದಲ್ಲಿ ಕುಳಿತು ಅಂದಾಜಿನ ಮೇಲೆ ವಚನದ ಸಾಲು ಮುರಿಯಲು ನನಗಂತೂ ಮನಸ್ಸಾಗಲಿಲ್ಲ; ಗ್ರಂಥಾಲಯದ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡೇ ಆ ಕೆಲಸ ಮಾಡಿದೆ.

ಇನ್ನು ಅಕ್ಷರಗಳ ಮಾತು. ಅನುಸ್ವಾರವಿರಬೇಕಾದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕುಳಿತಿರುವುದು ನಮ್ಮ ಇ-ಪುಸ್ತಕಗಳಲ್ಲಿ ಕಾಣುವ ದೋಷ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ; ಆದ್ದರಿಂದ ‘ಸಂಗಮ’ ಎಂದು ಹುಡುಕಿದರೆ ಪುಟದಲ್ಲೇ ಇರುವ ಪದವೂ ಸಿಗುವುದಿಲ್ಲ. ಬೇಸತ್ತ ಓದುಗ ಪುಸ್ತಕದ ಎಲ್ಲ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರವಾಗಿಸಿದರೆ ‘೧೦೦’ ಎಂಬ ಸಂಖ್ಯೆಯೂ ಕೆಡುತ್ತದೆ, ಕನ್ನಡ ಅಂಕಿಯಲ್ಲಿರುವ ಇಸವಿಗಳೂ ಕೆಡುತ್ತವೆ. ಕಾಗುಣಿತ ತಿದ್ದುವ ಸಲಕರಣೆಯ ಅಪಾಯ ಇದಕ್ಕಿಂತ ದೊಡ್ಡದು. ನಮ್ಮ ಭಾಗದ ಲೇಖಕರು ಪಾತ್ರದ ಬಾಯಲ್ಲಿ ‘ಹೋಗ್ಯಾನ’, ‘ಬರತೈತಿ’ ಎಂದು ಬೇಕೆಂದೇ ಬರೆದದ್ದಕ್ಕೆ ಅದು ಕೆಂಪು ಗೆರೆ ಎಳೆಯುತ್ತದೆ; ಅದನ್ನು ನಂಬಿ ತಿದ್ದುತ್ತ ಹೋದರೆ ಸಿಂದಗಿಯ ರೈತನೂ ಪಠ್ಯಪುಸ್ತಕದ ಭಾಷೆ ಆಡತೊಡಗುತ್ತಾನೆ.

ತಿದ್ದಿದ ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಮಾತ್ರ ಸಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಉಪಯೋಗಕ್ಕಾಗಿ ಕೃತಿಯನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆಯೇ ಹೊರತು ಹಂಚಲು ಅಲ್ಲ. ಕೃತಿಯನ್ನು ವಿರೂಪಗೊಳಿಸಿ ತನ್ನ ಹೆಸರಿಗೆ ಕುಂದು ತಂದವರನ್ನು ಪ್ರಶ್ನಿಸುವ ಹಕ್ಕನ್ನು 57ನೆಯ ಕಲಮು ಲೇಖಕನಿಗೆ ಕೊಟ್ಟಿದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳನ್ನು ಹಂಚಲು ಕೃತಿಸ್ವಾಮ್ಯದ ತಡೆಯಿಲ್ಲ. 1964ರಲ್ಲಿ ನಿಧನರಾದ ಹಳಕಟ್ಟಿಯವರ ಸ್ವಂತ ಬರಹಗಳು 2025ರಿಂದ ಈ ಸಾಲಿಗೆ ಸೇರಿವೆ. ಅಂಥವನ್ನು ತಿದ್ದುವ ಉತ್ಸಾಹವಿರುವವರು ಮುಕ್ತ ಕೃತಿಗಳ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ, ಮೂಲ ಪುಟದ ಚಿತ್ರವನ್ನು ಪಕ್ಕದಲ್ಲೇ ನೋಡಿಕೊಂಡು ತಿದ್ದಬಹುದು. ಒಬ್ಬರು ನೋಡಿದ ಪುಟವನ್ನು ಇನ್ನೊಬ್ಬರು ಮತ್ತೆ ಪರಿಶೀಲಿಸುವ ಕ್ರಮ ಅಲ್ಲಿದೆ.

ಓದುಗನಿಗೆ ತಿದ್ದಲು ಬರುತ್ತದೆಂದ ಮಾತ್ರಕ್ಕೆ ಪ್ರಕಾಶಕರ ಹೊಣೆ ತಪ್ಪುವುದಿಲ್ಲ. ಹಿಂದೆ ಪುಸ್ತಕದ ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿ ಇರುತ್ತಿತ್ತು. ಈಗ ತಪ್ಪು ತಿಳಿಸೋಣವೆಂದರೆ ಎಷ್ಟೋ ಇ-ಪುಸ್ತಕಗಳಲ್ಲಿ ವಿಳಾಸವೇ ಇರುವುದಿಲ್ಲ. ಕೃತಿಸ್ವಾಮ್ಯದ ಪುಟದಲ್ಲಿ ತಿದ್ದುಪಡಿ ಕಳಿಸಲು ಒಂದು ಮಿಂಚಂಚೆ ವಿಳಾಸವನ್ನೂ ಕಡತವನ್ನು ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನೂ ಕೊಡಬೇಕು, ಮತ್ತು ತಿದ್ದಿದ ಕಡತವನ್ನು ಈಗಾಗಲೇ ಕೊಂಡವರಿಗೆ ಮತ್ತೆ ಹಣ ಕೇಳದೆ ತಲುಪಿಸಬೇಕು ಎಂದು ಕನ್ನಡದ ಪ್ರಕಾಶಕರನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ಓದುಗ, ವಿಜಯಪುರ